ಟ್ರಂಕಿನ ಮೇಲೆ ಕೂತ ಹುಡುಗಿ

ಎದುರಿನ ಗೋಡೆಗೆ ಪೋಸ್ಟರು ಅಂಟಿಸುತ್ತಿದ್ದಾಗ ಅಕ್ಕ ಔಷಧಿ ಅಂಗಡಿಯ ಕೌಂಟರಿನಲ್ಲಿ ನಿಂತು, ಒಬ್ಬರು ಮುದುಕರಿಗೆ ಯಾವ ಮಾತ್ರೆ ಊಟಕ್ಕೆ ಮುಂಚೆ, ಯಾವುದು ಊಟವಾದ ಮೇಲೆ ಅಂತ ಮತ್ತೆ ಮತ್ತೆ ಹೇಳುತ್ತಿದ್ದಳು. ಪೋಸ್ಟರು ಎರಡು ಹಾಳೆಯದ್ದು. ಮೇಲಿನ ಹಾಳೆ ಅಂಟಿತು. ದಪ್ಪಕ್ಷರದಲ್ಲಿ 'ಗಂಟೆ ಹೊಡೀತು, ಮಲಗ್ರೇ!' ಅಂತ ನಾಟಕದ ಹೆಸರು, ಅದರ ಕೆಳಗೆ ಎರಡು ಜಡೆ, ಎರಡು ಕೆಂಪು ರಿಬ್ಬನ್ನು, ಅರಳಿದ ಕಣ್ಣು. ಓ, ನಮ್ಮ ನಾಟಕ ಮತ್ತೆ ಶುರುವಾಗುತ್ತಿದೆ, ತಮ್ಮ ಒಂದು ಮಾತೂ ಹೇಳಲಿಲ್ಲವಲ್ಲ ಎಂದುಕೊಂಡು ಅವಳು ಒಳಗೊಳಗೇ ಹಿಗ್ಗಿದಳು. ಅಷ್ಟರಲ್ಲಿ ಕೆಳಗಿನ ಹಾಳೆಯನ್ನು ಅಂಟಿಸಿದರು. ಅದು ಮೀಸೆಯಿಂದ ಶುರುವಾಗಿತ್ತು.

ಮೀಸೆ, ಕಿಸಿದ ಹಲ್ಲು, ಶಾಲೆಯ ಹುಡುಗಿಯರ ಗಿಡ್ಡ ಲಂಗ, ಲಂಗದ ಕೆಳಗೆ ಕೂದಲು ತುಂಬಿದ ಎರಡು ಮೊಣಕಾಲು. ಟೀವಿಯಲ್ಲಿ ದಿನಾ ಬರುವ ಹಾಸ್ಯನಟ. ಊರೆಲ್ಲ ಅವನನ್ನು ಪಟಾಕಿ ಅಂತಲೇ ಕರೆಯುತ್ತದೆ. ಅವನು ಕೂತಿದ್ದದ್ದು ಹಸಿರು ಬಣ್ಣದ ಒಂದು ತಗಡಿನ ಟ್ರಂಕಿನ ಮೇಲೆ. ಎರಡು ಕಡೆಯೂ ಹಿಡಿಯಿರುವ, ಬಲಮೂಲೆ ತಗ್ಗಾದ ಟ್ರಂಕು. ಅದು ಅಕ್ಕನ ಟ್ರಂಕು.

"ಇದು ಊಟಕ್ಕೆ ಮುಂಚೆ ತಾನೇ?" ಎಂದು ಮುದುಕರು ಕೇಳಿದರು. ಅಕ್ಕ ಹೂಂ ಅಂದುಬಿಟ್ಟಳು. ಅದು ಊಟವಾದ ಮೇಲಿನ ಮಾತ್ರೆ. ಅವರು ತಿರುವು ದಾಟುವಷ್ಟರಲ್ಲಿ ಎಚ್ಚರವಾಗಿ, ಕೌಂಟರಿನಿಂದ ಹಾರಿ, ಚಪ್ಪಲಿಯೂ ಇಲ್ಲದೆ ಓಡಿಹೋಗಿ ತಿದ್ದಿ ಬಂದಳು. ಬರುವಾಗ ಗೋಡೆಯ ಮುಂದೆ ನಿಂತಳು. ಕಾಲು ಸುಡುತ್ತಿತ್ತು, ಅದಕ್ಕಿಂತ ಹೊಟ್ಟೆ ಉರಿಯುತ್ತಿತ್ತು.

ನಾಟಕ ಏನು ಅಂತ ಮೊದಲು ಹೇಳಿಬಿಡಬೇಕು. ಹಳೇ ಕಾಲದ ಹುಡುಗಿಯರ ಪುಸ್ತಕಗಳಲ್ಲಿ ಒಂದು ಬೋರ್ಡಿಂಗ್ ಶಾಲೆ ಇರುತ್ತಿತ್ತಲ್ಲ, ಗುಡ್ಡದ ಮೇಲೆ. ಅಲ್ಲಿಗೊಬ್ಬಳು ಧೈರ್ಯದ ಹೊಸ ಹುಡುಗಿ ಬರುತ್ತಾಳೆ. ಒಬ್ಬಳು ಜಂಭದವಳು, ಒಬ್ಬಳು ಚಾಡಿಕೋರಿ, ಒಬ್ಬಳು ತಿಂಡಿಪೋತಿ. ಎಲ್ಲರೂ ಕಂಬಳಿ ಹೊದ್ದು ಕದ್ದು ಕೇಕು ತಿನ್ನುತ್ತಾರೆ. ಕೊನೆಗೆ ಹೊಸ ಹುಡುಗಿ ಜಂಭದವಳನ್ನು ಬಾವಿಯಿಂದ ಎತ್ತಿ ಶಾಲೆಯ ಮಾನ ಉಳಿಸುತ್ತಾಳೆ, ಎಲ್ಲರೂ ತಬ್ಬಿಕೊಂಡು ಗೊಳೋ ಅಂತ ಅಳುತ್ತಾರೆ. ಅಂಥ ಕತೆಗಳ ಗೇಲಿ ಈ ನಾಟಕ. ಆಡುತ್ತಿದ್ದವರೆಲ್ಲ ಐವತ್ತು ದಾಟಿದ ಹೆಂಗಸರು. ದೊಡ್ಡಾಸ್ಪತ್ರೆಯ ನರ್ಸು ಹಾಸ್ಟೆಲು ನೋಡಿಕೊಳ್ಳುವ ಮೇಟ್ರನ್ ಆಗುತ್ತಿದ್ದಳು, ಮೊಮ್ಮಕ್ಕಳನ್ನು ಎತ್ತಿ ಎತ್ತಿ ಸೊಂಟ ಹಿಡಿಸಿಕೊಂಡ ಟೈಲರಮ್ಮ ಹಾಕಿ ಟೀಮಿನ ಕ್ಯಾಪ್ಟನ್ ಆಗುತ್ತಿದ್ದಳು. ಯಾರೂ ಜನರ ಕಡೆ ನೋಡಿ ಕಣ್ಣು ಹೊಡೆಯುವ ಹಾಗಿರಲಿಲ್ಲ. ಶಾಲೆಯ ಮಾನಕ್ಕೆ ಪ್ರಾಣ ಕೊಡುವವರ ಹಾಗೆ ನಿಂತು ಆಡುತ್ತಿದ್ದರು, ಅದಕ್ಕೇ ಜನ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು.

ಹೊಸ ಹುಡುಗಿ ನಮ್ಮ ಅಕ್ಕ. ಮೊದಲರ್ಧ ಪೂರ್ತಿ ಉಳಿದವರು ಅವಳಿಗೆ ಏನೇನು ಕಾಟ ಕೊಡಬೇಕು ಅಂತ ಸಂಚು ಮಾಡುತ್ತಿರುತ್ತಾರೆ. ವಿರಾಮಕ್ಕೆ ಸ್ವಲ್ಪ ಮುಂಚೆ ಅವಳು ಬರುತ್ತಾಳೆ. ಟ್ರಂಕು ಎಳೆದುಕೊಂಡು ಬಂದು, ಖಾಲಿ ಅಂಗಳದಲ್ಲಿ ಅದರ ಮೇಲೆ ಕೂತು, ಯಾರಾದರೂ ಬಂದು ಕರೆದುಕೊಂಡು ಹೋಗಲಿ ಅಂತ ಕಾಯುತ್ತಾಳೆ. ಅಷ್ಟೇ. ಮಾತಿಲ್ಲ, ಚೇಷ್ಟೆಯಿಲ್ಲ. ಜಡೆ ಹಾಕಿಕೊಂಡ ನರೆಗೂದಲಿನ ಹೆಂಗಸನ್ನು ನೋಡಿ ಜನ ಮೊದಲು ನಗುತ್ತಾರೆ. ನಗು ಸಣ್ಣಗಾಗುತ್ತದೆ, ಆರುತ್ತದೆ. ಯಾರೋ ಕೆಮ್ಮುತ್ತಾರೆ. ಆಮೇಲೆ ನಾಟಕದ ಹಾಲಿಗೆ ಹಾಲೇ ಸುಮ್ಮನಾಗುತ್ತದೆ. ಇನ್ನು ತಡೆಯಲಾಗದು ಅನ್ನುವ ಹೊತ್ತಿಗೆ ಮೇಟ್ರನ್ ಓಡಿಬಂದು, ಸೋಪಿನ ತುಂಡು ತುಳಿದು, ಜಾರಿ ಧೊಪ್ಪನೆ ಬೀಳುತ್ತಾಳೆ. ಆಗ ಬರುವ ನಗು ಚಾವಣಿಯ ತಗಡು ಹಾರಿಸುವಂಥದ್ದು. ನಾನು ಬಿದ್ದದ್ದಕ್ಕಲ್ಲ ಜನ ನಗುವುದು, ನೀನು ಕೂತಿದ್ದಕ್ಕೆ, ಎಂದು ನರ್ಸು ಯಾವಾಗಲೂ ಹೇಳುತ್ತಿದ್ದಳು.

ಬರೆದವನು, ಆಡಿಸುವವನು ಅಕ್ಕನ ತಮ್ಮ. ಕತೆ ಮಾತ್ರ ಅಕ್ಕನದು. ಚಿಕ್ಕಂದಿನಲ್ಲಿ ಅವಳು ನಿಜವಾಗಿಯೂ ಬೋರ್ಡಿಂಗ್ ಶಾಲೆಯಲ್ಲಿದ್ದವಳು. ರಜೆಗೆ ಮನೆಗೆ ಬಂದಾಗ ಪುಟ್ಟ ತಮ್ಮನನ್ನು ಅಡುಗೆಮನೆಯ ಮೇಜಿನ ಕೆಳಗೆ ಕೂರಿಸಿಕೊಂಡು, ದಿಂಬಿನ ಚೀಲ ತಲೆಗೆ ಹಾಕಿ ಮೇಟ್ರನ್ ಆಗಿ, ಚಮಚ ಹಿಡಿದು ಹೆಡ್‌ಮಿಸ್ಟ್ರೆಸ್ ಆಗಿ ಎಲ್ಲವನ್ನೂ ಆಡಿ ತೋರಿಸುತ್ತಿದ್ದಳು. ಮಗು ಬಿದ್ದು ಬಿದ್ದು ನಗುತ್ತಿತ್ತು. ಆ ಮೇಜಿನ ಕೆಳಗೇ ಅವನಿಗೊಂದು ಅಭ್ಯಾಸ ಅಂಟಿಕೊಂಡಿತು: ಏನಾದರೂ ತುಂಬಾ ಹಿಡಿಸಿದರೆ ಬಲಗೈ ಬೆರಳುಗಳು ತೊಡೆಯ ಮೇಲೆ ತಾಳ ಹಾಕುತ್ತವೆ. ದೊಡ್ಡವನಾಗಿ ನಾಟಕ ಬರೆಯಲು ಶುರು ಮಾಡಿದ ಮೇಲೆ ಆ ತಾಳಕ್ಕೆ ಅರ್ಥ ಬಂತು. ಬೆರಳು ಆಡಿತೆಂದರೆ ಆ ಮಾತು ಅವನದಾಯಿತು, ಇನ್ನೊಂದು ವಾರಕ್ಕೆ ರಂಗದ ಮೇಲೆ ಬರುತ್ತದೆ. ಇದಕ್ಕೆ ಅಕ್ಕ ಎಂದೂ ಬೇಜಾರು ಮಾಡಿಕೊಂಡವಳಲ್ಲ. ತಮ್ಮ ಹೆಸರು ಮಾಡಿದರೆ ನನ್ನದೇನು ಹೋಯಿತು ಅನ್ನುತ್ತಿದ್ದಳು. ಏನು ಹೋಯಿತು ಅಂತ ಈಗ ಗೋಡೆಯ ಮೇಲೆ ಅಂಟಿಸಿ ತೋರಿಸಿದ್ದರು.

ಅಂಗಡಿ ಮುಚ್ಚಿ ನೆಟ್ಟಗೆ ತಾಲೀಮಿನ ಹಾಲಿಗೆ ನಡೆದಳು. ಅದು ಮಂಚ, ಬೀರು ಮಾರುವ ಅಂಗಡಿಯ ಮೇಲಿನ ಮಹಡಿ. ಮೆಟ್ಟಿಲ ಮೇಲೆಲ್ಲ ವಾರ್ನಿಷ್ ವಾಸನೆ. ತಮ್ಮ ಅವಳನ್ನು ನೋಡಿದವನೇ ಎದ್ದು ಕುರ್ಚಿ ಎಳೆದ, ನೀರು ತರಿಸಿದ, ಫ್ಯಾನು ಅವಳ ಕಡೆ ತಿರುಗಿಸಿದ. ಇಷ್ಟು ಉಪಚಾರ ಮಾಡುವವನು ಏನೋ ಮಾಡಬಾರದ್ದು ಮಾಡಿಯೇ ಇರುತ್ತಾನೆ.

ಬೆಣ್ಣೆಯಿಂದ ಕೂದಲು ತೆಗೆದ ಹಾಗೆ ಮಾತಾಡಿದ. ಇವತ್ತೇ ಮನೆಗೆ ಬಂದು ಹೇಳೋಣ ಅಂತಿದ್ದೆ, ಪೋಸ್ಟರಿನವನು ಅವಸರ ಮಾಡಿದ ಎಂದ. ಈ ಸಲ ದೊಡ್ಡ ಥಿಯೇಟರು ಎಂದ. ಎಲ್ಲ ಪಾತ್ರವನ್ನೂ ಗಂಡಸರೇ ಮಾಡುತ್ತಾರೆ, ಮೇಟ್ರನ್ ಕೂಡ. ನರ್ಸಿಗೆ, ಟೈಲರಮ್ಮನಿಗೆ ಫೋನಿನಲ್ಲಿ ಹೇಳಿ ಆಗಿದೆ. ಕೊನೆಗೆ ತಲೆ ಕೆರೆದುಕೊಂಡು ಒಳಗಿದ್ದದ್ದನ್ನು ಹೊರಗೆ ಹಾಕಿದ.

"ಹೆಂಗಸರು ಜಡೆ ಹಾಕ್ಕೊಂಡ್ರೆ ಜನ ನಗ್ತಾರೆ ಅಕ್ಕ, ಇಲ್ಲ ಅನ್ನಲ್ಲ. ಗಂಡಸರು ಹಾಕ್ಕೊಂಡ್ರೆ ಕುರ್ಚಿಯಿಂದ ಬೀಳ್ತಾರೆ. ನಾನೇನು ಮಾಡ್ಲಿ ಹೇಳು."

ಗೆದ್ದಲು ಕಟ್ಟಿದ ಹುತ್ತಕ್ಕೆ ಹಾವು ಬಂದು ಸೇರಿಕೊಳ್ಳುತ್ತದೆ ಅನ್ನುತ್ತಾರೆ. ಹಾವಾದರೂ ಗೆದ್ದಲಿಗೆ ಕುರ್ಚಿ ಹಾಕಿ, ನೀರು ಕೊಟ್ಟು, ನಾನೇನು ಮಾಡಲಿ ಅಂತ ಕೇಳುವುದಿಲ್ಲ. ವರ್ಷಾನುಗಟ್ಟಲೆ ಮಂಡಿ ನೋವಿನ ಮಾತ್ರೆ ನುಂಗಿ, ಗಂಡಂದಿರ ಗೊಣಗಾಟ ಕೇಳಿ, ಆ ಹೆಂಗಸರು ಎಳೆದ ಗಾಡಿ ಅದು. ಅದರಲ್ಲಿದ್ದದ್ದು ಹುಡುಗಿಯರ ಶಾಲೆ, ಹುಡುಗಿಯರ ಸಂಕಟ. ಅದನ್ನು ಆಡುವುದಕ್ಕೂ ಕೊನೆಗೆ ಮೀಸೆಯೇ ಬೇಕಾಯಿತು.

ಅಕ್ಕ ನೀರು ಮುಟ್ಟಲಿಲ್ಲ. "ನನ್ನ ಟ್ರಂಕು ಕೊಡು. ನಾನು ಹೋಗ್ತೀನಿ" ಅಂದಳು.

ಆಗ ತಮ್ಮ ನಿಜವಾಗಿಯೂ ಗಾಬರಿಯಾದ. ಅಕ್ಕ ಹೋಗುತ್ತೇನೆ ಅಂದದ್ದಕ್ಕೆ ಆಗದ ಗಾಬರಿ ಟ್ರಂಕು ಅಂದದ್ದಕ್ಕೆ ಆಯಿತು. ಅದನ್ನು ಅವಳು ನೋಡಿದಳು, ನೋಡಿ ಮನಸ್ಸಿನಲ್ಲಿಟ್ಟುಕೊಂಡಳು. ಆ ನಾಟಕ ಕಂಪನಿಯಲ್ಲಿ ಯಾರು ತಂದ ಸಾಮಾನು ಅವರದೇ, ಕೇಳಿದಾಗ ಕೊಡಬೇಕು, ಅದು ನಿಯಮ. ಟ್ರಂಕಿಲ್ಲದೆ ಆ ದೃಶ್ಯವಿಲ್ಲ, ಹೊಸ ಟ್ರಂಕು ತಂದರೆ ಅದು ಹೊಸದಾಗಿಯೇ ಕಾಣುತ್ತದೆ ಎಂದು ಅವನು ಗೋಗರೆದ. ನೀನೂ ಇರು, ಗಂಟೆ ನಿನ್ನ ಕೈಯಲ್ಲೇ ಇರಲಿ ಎಂದ.

ಗಂಟೆ ಅಂದರೆ ಸಣ್ಣ ವಿಷಯವಲ್ಲ. ಆ ನಾಟಕದಲ್ಲಿ ಪರದೆ ಏಳುವುದು, ಬೀಳುವುದು ಶಾಲೆಯ ಗಂಟೆಗೆ. ಹಗ್ಗ ಎಳೆಯುವ ಪರದೆಯಣ್ಣನಿಗೆ ತಾನು ನಿಲ್ಲುವ ಮೂಲೆಯಿಂದ ರಂಗ ಕಾಣುವುದಿಲ್ಲ. ಹಿಂದೊಮ್ಮೆ ಯಾರದೋ ಕೂಗು ಕೇಳಿ ಹಗ್ಗ ಬಿಟ್ಟು, ಹೆಡ್‌ಮಿಸ್ಟ್ರೆಸ್ಸಿನ ತಲೆಯ ಮೇಲೆ ಪರದೆಯ ಬುಡದ ಮರದ ತೊಲೆ ಇಳಿಸಿದ್ದ. ಅವತ್ತಿನಿಂದ ಸಾಕ್ಷಾತ್ ಬ್ರಹ್ಮನೇ ಬಂದು ಹೇಳಿದರೂ ಆ ಹಿತ್ತಾಳೆ ಗಂಟೆಯ ಸದ್ದು ಕೇಳದೆ ಹಗ್ಗ ಮುಟ್ಟುವುದಿಲ್ಲ.

"ಹಾಗಾದ್ರೆ ಒಂದು ಮಾತು ಕೊಡು" ಅಂದಳು ಅಕ್ಕ. "ಟ್ರಂಕಿನ ಮೇಲೆ ಕೂತವನು ಸುಮ್ನೆ ಕೂತಿರ್ಬೇಕು. ಜನ ಸುಮ್ಮನಾಗೋವರೆಗೂ. ಅದಕ್ಕೆ ಯಾರೂ ಕೈ ಹಾಕಬಾರ್ದು, ನೀನೂ."

"ನಿನ್ನಾಣೆ ಅಕ್ಕ."

"ಆಣೆ ನನ್ನ ಮೇಲೆ ಯಾಕೆ ಇಡ್ತೀಯ? ಮುರಿಯೋನು ನೀನು, ನಿನ್ನ ಮೇಲೇ ಇಟ್ಕೋ."

ತಮ್ಮ ಜೋರಾಗಿ ನಕ್ಕ. ಬಲಗೈ ಬೆರಳು ತೊಡೆಯ ಮೇಲೆ ಆಡಿದವು. ಮುಂದಿನ ತಾಲೀಮಿನಲ್ಲಿ ಆ ಮಾತು ಹೆಡ್‌ಮಿಸ್ಟ್ರೆಸ್ಸಿನ ಬಾಯಲ್ಲಿತ್ತು.

ಇಷ್ಟೆಲ್ಲ ಅವಮಾನ ನುಂಗಿಕೊಂಡು ಅವಳು ಗಂಟೆ ಹಿಡಿಯಲು ಯಾಕೆ ಒಪ್ಪಿದಳು? ಅವಳನ್ನು ಕೇಳಿದ್ದರೆ ತಮ್ಮನಲ್ಲವಾ ಅನ್ನುತ್ತಿದ್ದಳು. ಅದು ಅರ್ಧ ಸತ್ಯ. ಆ ಮೌನ ಕಾಯಲು ಯಾರಾದರೂ ಇರಬೇಕಿತ್ತು. ಪಾತ್ರ ಹೋದರೆ ಹೋಗಲಿ, ಮೌನ ಅವಳದು.

ಅವಳಿಗಾಗ ಎಂಟು ವರ್ಷ. ಮನೆಯಲ್ಲಿ ಇದ್ದದ್ದು ಒಂದೇ ಕೋಣೆ, ಒಂದು ಅಡುಗೆಮನೆ. ಗಂಡು ಮಗು ಹುಟ್ಟಿತು. ತಾಯಿ ಬಾಣಂತನದಲ್ಲಿ ಸೊರಗಿ ಹಾಸಿಗೆ ಹಿಡಿದಳು. ಇಬ್ಬರನ್ನು ನೋಡಿಕೊಳ್ಳಲು ಆಗುವುದಿಲ್ಲ ಅಂತ ಅಪ್ಪ ಒಂದು ರಾತ್ರಿ ಅಡುಗೆಮನೆಯಲ್ಲಿ ಯಾರಿಗೋ ಹೇಳುತ್ತಿದ್ದದ್ದು ಅವಳಿಗೆ ಕೇಳಿಸಿತು. ಇಬ್ಬರಲ್ಲಿ ಯಾರು ಅಂತ ಕೇಳುವ ಅಗತ್ಯವೇ ಇರಲಿಲ್ಲ. ಹಸಿರು ಟ್ರಂಕು ಬಂತು. ಅಪ್ಪ ಅವಳನ್ನು ಬೋರ್ಡಿಂಗ್ ಶಾಲೆಯ ಅಂಗಳಕ್ಕೆ ಕರೆದುಕೊಂಡು ಹೋಗಿ, ಇಲ್ಲೇ ಕೂತಿರು, ಯಾರಾದರೂ ಬರುತ್ತಾರೆ ಅಂತ ಹೇಳಿ, ಬಸ್ಸು ತಪ್ಪುತ್ತದೆ ಅಂತ ಹೊರಟುಬಿಟ್ಟ. ಒಂದೇ ವರ್ಷ ಅಂದಿದ್ದ. ಶಾಲೆ ಮುಗಿಯುವವರೆಗೂ ಆ ಒಂದು ವರ್ಷ ಮುಗಿಯಲಿಲ್ಲ. ಕೇಳಿದವರಿಗೆಲ್ಲ ಮನೆಯಲ್ಲಿ ಹೇಳುತ್ತಿದ್ದದ್ದು, ನಮ್ಮ ಹುಡುಗಿ ಓದಿನಲ್ಲಿ ಚುರುಕು, ಅದಕ್ಕೇ ಒಳ್ಳೇ ಶಾಲೆಗೆ ಹಾಕಿದೆವು ಅಂತ. ತಮ್ಮ ಅದನ್ನೇ ಕೇಳಿ ಬೆಳೆದ. ಅಕ್ಕನೂ ತಿದ್ದಲಿಲ್ಲ. ತೊಟ್ಟಿಲಲ್ಲಿದ್ದ ಮಗುವಿನ ತಪ್ಪೇನು?

ಆದರೆ ಸಿಟ್ಟು ಎಲ್ಲಾದರೂ ಹೋಗಬೇಕಲ್ಲ. ಅದು ಹೋಗಿ ಆ ಮೌನದಲ್ಲಿ ಕೂತಿತ್ತು. ಪ್ರತಿ ಪ್ರದರ್ಶನದಲ್ಲೂ ತುಂಬಿದ ಹಾಲಿನ ಜನರೆಲ್ಲ ಅವಳ ಜೊತೆ ಸ್ವಲ್ಪ ಹೊತ್ತು ಕಾಯುತ್ತಿದ್ದರು. ಅವಳಿಗೆ ಸಿಕ್ಕಿದ ನ್ಯಾಯ ಅಷ್ಟೇ, ಅಷ್ಟರಲ್ಲೇ ಅವಳು ಬದುಕಿದ್ದಳು.

ತಾಲೀಮಿನಲ್ಲಿ ಪಟಾಕಿ ಕೆಟ್ಟವನೇನೂ ಆಗಿರಲಿಲ್ಲ. ಸುಮ್ಮನೆ ಕೂರಲು ತನಗೆ ಬರುವುದೇ ಇಲ್ಲ, ಟೀವಿಯಲ್ಲಿ ಅರೆಕ್ಷಣ ಸುಮ್ಮನಿದ್ದರೆ ಸಂಬಳ ಕಡಿಯುತ್ತಾರೆ ಎಂದು ಅವನೇ ಅಕ್ಕನ ಹತ್ತಿರ ಬಂದು ಹೇಳಿಕೊಂಡ. ಅಕ್ಕ ಹಲ್ಲು ಕಚ್ಚಿಕೊಂಡು ಕಲಿಸಿದಳು. ನಗಿಸಲು ಹೋಗಬೇಡ. ಬಾಗಿಲು ನೋಡು. ಯಾರೋ ಬರುತ್ತಾರೆ ಅಂತ ನಂಬು. ಬರಲಿಲ್ಲವಾ, ಲಂಗ ಸರಿ ಮಾಡಿಕೋ, ಮತ್ತೆ ನಂಬು. ತಾನು ಕೂರಬೇಕಾದ ಜಾಗದಲ್ಲಿ ಇನ್ನೊಬ್ಬನನ್ನು ಕೂರಿಸಿ, ಹೇಗೆ ಕೂರಬೇಕು ಅಂತಲೂ ತಾನೇ ಹೇಳಿಕೊಡುವುದಿದೆಯಲ್ಲ, ಅದು ವೈರಿಗೂ ಬೇಡ. ಆದರೂ ಅವನು ಕಲಿತ. ಕೊನೆಯ ತಾಲೀಮಿನಲ್ಲಿ ಆ ದಪ್ಪ ಮನುಷ್ಯ ಕೂದಲ ಮೊಣಕಾಲು ಜೋಡಿಸಿಕೊಂಡು ಕೂತು ಬಾಗಿಲು ನೋಡಿದಾಗ, ಗಂಟೆ ಹಿಡಿದಿದ್ದ ಅಕ್ಕನ ಕೈ ಸಡಿಲವಾಯಿತು. ಇವನಿಗೆ ಬರುತ್ತದೆ ಅನ್ನಿಸಿತು.

ತಮ್ಮನ ಕಡೆ ತಿರುಗಿದಳು. ಅವನ ಬೆರಳು ಆಡುತ್ತಿರಲಿಲ್ಲ. ಅವನು ಕೈಗಡಿಯಾರ ನೋಡಿಕೊಳ್ಳುತ್ತಿದ್ದ.

ಮೊದಲ ಪ್ರದರ್ಶನಕ್ಕೆ ಥಿಯೇಟರು ತುಂಬಿತ್ತು. ಗಂಡಸರು ಲಂಗ ಹಾಕಿಕೊಂಡು ಸಾಲಾಗಿ ಬಂದು ನಿಂತದ್ದಕ್ಕೇ ಜನ ಅರಚಿದರು, ಇನ್ನೂ ಒಂದು ಮಾತೂ ಆಡಿರಲಿಲ್ಲ. ಹಾಕಿ ಕ್ಯಾಪ್ಟನ್ ಬಗ್ಗಿದ, ಜನ ನಕ್ಕರು. ಚಾಡಿಕೋರಿ ಎದೆಯೊಳಗಿನ ಬಟ್ಟೆಯುಂಡೆ ಸರಿ ಮಾಡಿಕೊಂಡ, ಜನ ಚಪ್ಪಾಳೆ ತಟ್ಟಿದರು. ಅಕ್ಕ ಒಂದು ಪಕ್ಕದ ಪರದೆಯ ಮರೆಯಲ್ಲಿ ಗಂಟೆ ಹಿಡಿದು ನಿಂತಿದ್ದಳು. ಎದುರು ಪಕ್ಕದ ಮರೆಯಲ್ಲಿ ತಮ್ಮ. ಅವನ ಬೆರಳುಗಳಿಗೆ ಬಿಡುವಿರಲಿಲ್ಲ.

ಪಟಾಕಿ ಟ್ರಂಕು ಎಳೆದುಕೊಂಡು ಬಂದ. ಕೂತ. ಜನ ಒಂದು ಸುತ್ತು ನಕ್ಕರು. ಅವನು ಬಾಗಿಲು ನೋಡಿದ. ನಗು ಸಣ್ಣಗಾಯಿತು. ಅವನು ಲಂಗ ಸರಿ ಮಾಡಿಕೊಂಡು ಮತ್ತೆ ಬಾಗಿಲು ನೋಡಿದ. ನಗು ಆರಿತು, ಹಿಂದಿನ ಸಾಲಿನಲ್ಲಿ ಯಾರೋ ಕೆಮ್ಮಿದರು. ಬಂತು, ಬಂತು, ಅಂತ ಅಕ್ಕ ಉಸಿರು ಹಿಡಿದಳು. ಅಷ್ಟರಲ್ಲಿ ಎದುರಿನ ಮರೆಯಿಂದ ತಮ್ಮನ ಕೈ ಹೊರಗೆ ಬಂದು ಗಾಳಿಯಲ್ಲಿ ಗರಗರ ಸುತ್ತಿತು. ನಡಿ, ನಡಿ, ಏನಾದರೂ ಮಾಡು.

ಪಟಾಕಿ ಆ ಕೈ ನೋಡಿದ. ಒಂದು ಕ್ಷಣ ಅಕ್ಕನ ಕಡೆಯೂ ನೋಡಿದ. ಆಮೇಲೆ ಒಂದಕ್ಕೆ ಅವಸರವಾದವನ ಹಾಗೆ ತೊಡೆ ಹಿಸುಕಿ ಹಿಡಿದ. ಜನ ಕಿರುಚಿದರು. ಟ್ರಂಕಿನ ಮೇಲೆ ಕುಪ್ಪಳಿಸಿದ, ಕುದುರೆ ಸವಾರಿ ಮಾಡಿದ, ಹಿಮ್ಮಡಿಯಿಂದ ಅದರ ಪಕ್ಕೆಗೆ ಬಡಿದ. ಧಡ್ ಧಡ್ ಧಡ್. ಮುಚ್ಚಳ ಒಳಕ್ಕೆ ಕುಸಿಯಿತು, ಪಟಾಕಿಯ ಹಿಂಭಾಗ ಅದರೊಳಗೆ ಸಿಕ್ಕಿಕೊಂಡಿತು. ಮುಂದಿನ ಸಾಲಿನ ಒಬ್ಬ ನಿಜವಾಗಿಯೂ ಕುರ್ಚಿಯಿಂದ ಬಿದ್ದ. ತಮ್ಮ ಹೇಳಿದ್ದು ಸುಳ್ಳಾಗಲಿಲ್ಲ.

ಅಕ್ಕ ರಂಗದ ಮೇಲೆ ನಡೆದು ಬಂದಳು. ಬಣ್ಣವಿಲ್ಲ, ಜಡೆಯಿಲ್ಲ, ಔಷಧಿ ಅಂಗಡಿಗೆ ಹೋಗುವ ಬೂದು ಸೀರೆ, ಮೂಗಿನ ಮೇಲೆ ಕನ್ನಡಕ, ಕೈಯಲ್ಲಿ ಗಂಟೆ. ಯೋಚನೆ ಮಾಡಿ ಬಂದವಳಲ್ಲ, ಕಾಲು ಬಂದವು, ಅವುಗಳ ಹಿಂದೆ ಅವಳೂ ಬಂದಳು.

"ಎದ್ದೇಳು" ಅಂದಳು. "ಇದು ನನ್ನ ಟ್ರಂಕು."

ಥಿಯೇಟರು ನಗುವಿನಲ್ಲಿ ಸಿಡಿಯಿತು. ಇವಳು ಯಾರು, ಹಾಸ್ಟೆಲಿನ ಆಯಾನೇ, ಹುಡುಗಿಯ ಅಜ್ಜಿಯೇ? ಯಾರಾದರೇನು, ನಗುವುದಕ್ಕೆ ಇನ್ನೊಬ್ಬಳು ಸಿಕ್ಕಿದಳು. ಪಟಾಕಿ ಒದ್ದಾಡಿ ಹೊರಗೆ ಬಂದು, ಅಕ್ಕಾ, ನಿಮ್ಮ ತಮ್ಮನೇ ಹೇಳಿದ್ದು ಅಂತ ಪಿಸುಗುಟ್ಟಿದ. ಅವನ ಮುಖ ಬಣ್ಣದ ಕೆಳಗೆ ಬಾಡಿತ್ತು. ಅಕ್ಕ ಜನರ ಕಡೆ ತಿರುಗಿದಳು. ಸಿಟ್ಟಿಗೆ ಅವಳ ಗಲ್ಲ ನಡುಗುತ್ತಿತ್ತು.

"ನಗೋದೇನಿದೆ ಇದರಲ್ಲಿ?"

ಅದಕ್ಕೆ ಬಂದ ನಗು ಅವತ್ತಿನ ಎಲ್ಲ ನಗುವಿಗಿಂತ ದೊಡ್ಡದು. ಗಲ್ಲ ನಡುಗಿದಷ್ಟೂ ನಕ್ಕರು. ಅವಳು ಸುಮ್ಮನೆ ನಿಂತದ್ದಕ್ಕೆ ಇನ್ನಷ್ಟು ನಕ್ಕರು. ಆ ಸಾವಿರ ಬಾಯಿಗಳ ಮುಂದೆ ಅವಳಿಗೆ ಉಳಿದದ್ದು ಕೈಯಲ್ಲಿದ್ದ ಗಂಟೆಯೊಂದೇ. ತೋಳು ಎತ್ತಿ, ಇದ್ದ ಶಕ್ತಿಯನ್ನೆಲ್ಲ ಹಾಕಿ ಬಾರಿಸಿದಳು. ಕಾಣದ ಮೂಲೆಯಲ್ಲಿ ಪರದೆಯಣ್ಣ ನಿಯಮದಂತೆ ಹಗ್ಗ ಬಿಟ್ಟ. ಪರದೆ ಬಿತ್ತು. ಆಚೆ ಕಡೆ ಚಪ್ಪಾಳೆಯ ಆಲಿಕಲ್ಲು ಸುರಿಯಿತು.

ಒಡೆದ ಮುಚ್ಚಳ ಮುಚ್ಚಿ, ಗಂಟೆಯನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡು, ಒಂದು ಹಿಡಿ ಹಿಡಿದು ಟ್ರಂಕನ್ನು ಎಳೆದಳು. ಬಣ್ಣದ ಕೋಣೆ ದಾಟಿ, ಹಿಂಬಾಗಿಲ ಮೆಟ್ಟಿಲು ಇಳಿಸಿ ಓಣಿಗೆ ಬಂದಳು. ಓಣಿಯಲ್ಲಿ ಮುರಿದ ಕುರ್ಚಿಗಳ ರಾಶಿ, ಒಂದು ದೀಪದ ಕಂಬ, ಕ್ಯಾಂಟೀನಿನವರು ಚೆಲ್ಲಿದ ನೀರು. ಅಲ್ಲಿ ತಮ್ಮ ಓಡಿಬಂದು ಅವಳನ್ನು ಹಿಡಿದ. ಇವನು ಕ್ಷಮೆ ಕೇಳಲು ಬಂದ ಅಂತ, ನಾಚಿಕೆಯಿಲ್ಲದ ಅವಳ ಮನಸ್ಸು, ಒಂದು ಗಳಿಗೆ ನಂಬಿಬಿಟ್ಟಿತು.

"ಅಕ್ಕ, ಎಂಥ ಜಾಗ ನೋಡಿ ನುಗ್ಗಿದೆ ನೀನು!" ಅವನ ಮುಖವೆಲ್ಲ ಬೆಳಕು. "ನಾಳೆಯಿಂದ ದಿನಾ ಇದನ್ನೇ ಇಟ್ಕೊಳ್ಳೋಣ. ಇದೇ ಸೀರೆ, ಇದೇ ಕನ್ನಡಕ. ಆ ಗಲ್ಲ ನಡುಗಿಸಿದೆಯಲ್ಲ, ಅದು ಬಿಡಲೇಬಾರ್ದು."

ಅಕ್ಕ ಟ್ರಂಕಿನ ಹಿಡಿ ಬಿಟ್ಟಳು. ಅದು ನೆಲಕ್ಕೆ ಬಡಿದು ಸದ್ದಾಯಿತು. ಇಷ್ಟು ವರ್ಷ ತೊಟ್ಟಿಲಲ್ಲಿದ್ದ ಮಗುವಿನ ತಪ್ಪೇನು ಅಂತ ಕಾಪಾಡಿಕೊಂಡು ಬಂದದ್ದನ್ನು, ಆ ಮಗು ಈಗ ಐವತ್ತರ ಹತ್ತಿರ ಬಂದು ನಿಂತು ಹಲ್ಲು ಬಿಡುತ್ತಿರುವಾಗ, ಇನ್ನು ಯಾರಿಗೋಸ್ಕರ ಕಾಪಾಡಬೇಕು? ಹೇಳಿದಳು. ಕೂಗಾಡಲಿಲ್ಲ. ನೀನು ಹುಟ್ಟಿದ್ದಕ್ಕೆ ನನ್ನನ್ನು ಕಳಿಸಿದರು. ಓದಿನಲ್ಲಿ ಚುರುಕು ಅಂತಲ್ಲ, ಮನೆಯಲ್ಲಿ ಜಾಗವಿಲ್ಲ ಅಂತ. ಅಪ್ಪ ಬಸ್ಸು ತಪ್ಪುತ್ತದೆ ಅಂದ, ತಿರುಗಿ ನೋಡಲಿಲ್ಲ. ಮನೆ ನಿನಗೆ ಹೋಯಿತು, ಕತೆ ನಿನಗೆ ಕೊಟ್ಟೆ, ಪಾತ್ರ ನೀನು ಕಿತ್ತುಕೊಂಡೆ. ನನಗೇ ಅಂತ ಇದ್ದದ್ದು ಆ ಒಂದು ಮೌನ, ಅದಕ್ಕೂ ಕೈ ಹಾಕಿದೆ.

ತಮ್ಮನ ನಗು ಇಳಿಯಿತು. ಬಾಯಿ ಅರ್ಧ ತೆರೆದಿತ್ತು. ಕಣ್ಣು ದೊಡ್ಡವಾದವು. ಮತ್ತೆ ಅವನ ಬಲಗೈ ಬೆರಳುಗಳು, ಮೆಲ್ಲಗೆ, ತಾವಾಗಿಯೇ, ತೊಡೆಯ ಮೇಲೆ ತಾಳ ಹಾಕಲು ಶುರು ಮಾಡಿದವು.

ಅಕ್ಕನ ಸಿಟ್ಟು ನೆತ್ತಿಗೇರಿದ್ದು ಆಗ. ಅದಕ್ಕೆ ಮುಂಚಿನದೆಲ್ಲ ಏನೂ ಅಲ್ಲ. ಆ ಮಣಿಕಟ್ಟು ಹಿಡಿದು, ಬಗ್ಗಿಸಿ, ಟ್ರಂಕಿನ ಒಂದು ಹಿಡಿಗೆ ಅವನ ಬೆರಳುಗಳನ್ನು ಒಂದೊಂದಾಗಿ ಸುತ್ತಿದಳು.

"ಹಿಡ್ಕೋ" ಅಂದಳು. "ಮನೆವರೆಗೂ."

"ಸೆಕೆಂಡ್ ಹಾಫ್ ಇದೆ ಅಕ್ಕ, ಜನ ಕೂತಿದಾರೆ."

"ಕೂತಿರ್ಲಿ. ಯಾರಾದ್ರೂ ಬರ್ತಾರೆ ಅಂತ ಕಾಯ್ಲಿ. ಗಂಟೆ ನನ್ನ ಹತ್ರ ಇದೆ."

ಅವನು ಹಿಂಬಾಗಿಲ ಕಡೆ ನೋಡಿದ. ಒಳಗೆ ವಿರಾಮ ಮುಗಿದು ಜನ ಕುರ್ಚಿಗಳಿಗೆ ಮರಳುವ ಸದ್ದು. ಗಂಟೆಯಾಗದೆ ಪರದೆಯಣ್ಣ ಹಗ್ಗ ಮುಟ್ಟುವುದಿಲ್ಲ ಅಂತ ಅವನಿಗಿಂತ ಚೆನ್ನಾಗಿ ಯಾರಿಗೆ ಗೊತ್ತು, ಆ ನಿಯಮ ಮಾಡಿದವನೇ ಅವನು. ಅಕ್ಕ ಇನ್ನೊಂದು ಹಿಡಿ ಎತ್ತಿ ನಿಂತಿದ್ದಳು. ಅವನ ಮುಖವನ್ನೇ ನೋಡುತ್ತಿದ್ದಳು, ದಯೆಯಿಂದೇನೂ ಅಲ್ಲ. ಅವನು ತನ್ನ ಕಡೆಯದನ್ನು ಎತ್ತಿದ.

ಇಬ್ಬರೂ ನಡೆದರು. ಓಣಿ ದಾಟಿ ದೊಡ್ಡ ರಸ್ತೆ, ಮುಚ್ಚಿದ ಬೇಕರಿ, ಬಸ್ಸು ನಿಲ್ದಾಣ. ನಿಲ್ದಾಣದಲ್ಲಿದ್ದವರು ಈ ಮೆರವಣಿಗೆಯನ್ನು ಬಿಟ್ಟ ಕಣ್ಣು ಬಿಟ್ಟ ಹಾಗೇ ನೋಡಿದರು. ತಮ್ಮ ಕೈ ಬದಲಾಯಿಸೋಣ ಎಂದ, ಅಕ್ಕ ಬೇಡ ಎಂದಳು. ಸ್ವಲ್ಪ ದೂರ ಹೋದ ಮೇಲೆ ಓರೆಗಣ್ಣಿನಲ್ಲಿ ನೋಡುತ್ತಾಳೆ, ಅವನ ಎಡಗೈ ಬೆರಳುಗಳು ಪ್ಯಾಂಟಿನ ಮೇಲೆ ಆಡುತ್ತಿವೆ. ಅಭ್ಯಾಸವಿಲ್ಲದ ಕೈ, ತಾಳ ತಪ್ಪುತ್ತಿತ್ತು, ಆದರೂ ಬಿಟ್ಟಿರಲಿಲ್ಲ. ಅಕ್ಕ ನಿಂತು ಆ ಕೈಗೆ ಗಂಟೆಯನ್ನು ತುರುಕಿದಳು. ಹಿತ್ತಾಳೆಯದು, ಭಾರ. ಹೆಜ್ಜೆ ಹೆಜ್ಜೆಗೂ ಅದು ಢಣ್ ಅನ್ನತೊಡಗಿತು. ಅಲ್ಲಿ ಆ ಸದ್ದಿಗೆ ಏಳುವ ಪರದೆ ಯಾವುದೂ ಇರಲಿಲ್ಲ.

ಅಕ್ಕನ ಮನೆಯ ಗೇಟು ಬಂತು. ತಮ್ಮ ಅದರ ಮುಂದೆ ನಿಂತು ಏದುಸಿರು ಬಿಡುತ್ತಾ, ಎಷ್ಟೋ ವರ್ಷಗಳಲ್ಲಿ ಮೊದಲ ಸಲ, ನಾಟಕಕ್ಕೆ ಬೇಡದ ಒಂದು ಪ್ರಶ್ನೆ ಕೇಳಿದ.

"ಅಷ್ಟಾದ್ರೂ ಅವತ್ತು ಮೇಟ್ರನ್ ಬಂದ್ಲಲ್ಲ ಅಕ್ಕ? ಜಾರಿ ಬಿದ್ದು, ನಿನ್ನ ನಗಿಸಿ, ಒಳಗೆ ಕರ್ಕೊಂಡು ಹೋದ್ಲಲ್ಲ?"

ಅಕ್ಕ ಚಿಲಕ ತೆಗೆಯುತ್ತಿದ್ದವಳು ಹಾಗೇ ನಿಂತಳು.

"ಯಾರೂ ಬರಲಿಲ್ಲ ಕಣೋ" ಅಂದಳು. "ಕತ್ತಲಾಯ್ತು. ಒಳಗೆ ಊಟದ ಗಂಟೆ ಹೊಡೀತು. ನಾನೇ ಇದನ್ನ ಮೆಟ್ಟಿಲ ಮೇಲೆ ಎಳ್ಕೊಂಡು ಹೋದೆ, ಈ ಮೂಲೆ ತಗ್ಗಾಗಿದ್ದು ಆವಾಗ. ಮೇಜಿನ ಕೆಳಗೆ ಮೊದಲನೇ ಸಲ ನಿಂಗೆ ಹಾಗೇ ಹೇಳ್ದೆ, ಇದ್ದದ್ದು ಇದ್ದ ಹಾಗೆ. ನೀನು ಅತ್ತುಬಿಟ್ಟೆ. ನಿಲ್ಸೋಕೇ ಆಗಲಿಲ್ಲ. ಅದಕ್ಕೆ ಮಾರನೇ ದಿನ ದಿಂಬಿನ ಚೀಲ ತಲೆಗೆ ಹಾಕ್ಕೊಂಡು ಮೇಟ್ರನ್ನ ಕರೆಸ್ದೆ. ಜಾರಿ ಬೀಳಿಸ್ದೆ. ನೀನು ನಕ್ಕೆ."

ತಮ್ಮ ಗೇಟಿನ ಹೊರಗೇ ನಿಂತಿದ್ದ. ಒಂದು ಕೈಯಲ್ಲಿ ಟ್ರಂಕು, ಒಂದು ಕೈಯಲ್ಲಿ ಗಂಟೆ. ಅವನ ಮುಖ ಚಿಕ್ಕಂದಿನ ಹಾಗೆಯೇ ಕೆಳತುಟಿಯಿಂದ ಶುರುವಾಗಿ ಕಿವುಚಿಕೊಂಡಿತು. ಕಣ್ಣೀರು ಮೂಗಿನ ಪಕ್ಕದಲ್ಲಿ ಇಳಿದು ಮೇಲ್ದುಟಿಗೆ ಬಂತು, ಒರೆಸಿಕೊಳ್ಳಲು ಕೈ ಖಾಲಿಯಿರಲಿಲ್ಲ. ಅತ್ತ ಥಿಯೇಟರಿನಲ್ಲಿ ಜನ ಇನ್ನೂ ಕೂತಿದ್ದರು, ಇಳಿಬಿದ್ದ ಪರದೆ ನೋಡುತ್ತಾ.

ಅಕ್ಕ ಅವನನ್ನು ನೋಡುತ್ತಾ ನಿಂತಳು. ಒರೆಸಲಿಲ್ಲ. ಈ ಸಲ ಅವಳು ಮೇಟ್ರನ್ನನ್ನು ಕರೆಸಲಿಲ್ಲ.